ಅಪ್ಪನ ಫಿಯೆಟ್ ಪುಣೆಗೆ ಬರಬೇಕೇ?

ಪ್ರಶ್ನೆ: ನಾನು ಹೇರೋಹಳ್ಳಿಯವನು, ವಯಸ್ಸು 61. ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ಸೂಪರ್‌ವೈಸರ್ ಆಗಿದ್ದೆ, ಈಗ ಕೆಲಸ ಬಿಟ್ಟಿದ್ದೇನೆ. ಒಬ್ಬಳೇ ಮಗಳು, ಪುಣೆಯಲ್ಲಿ ಉದ್ಯೋಗ. ಅವಳಿಗೆ ಹೆರಿಗೆಯಾಗಿ ಎರಡು ತಿಂಗಳಾಯಿತು. ಮಗುವನ್ನು ನೋಡಿಕೊಳ್ಳಲು ನಾನೂ ನನ್ನ ಹೆಂಡತಿಯೂ ಅಲ್ಲಿಗೇ ಹೋಗಿ ನೆಲೆಸುವುದೆಂದು ತೀರ್ಮಾನವಾಗಿದೆ. ಇಲ್ಲಿನ ಮನೆ ಬಾಡಿಗೆಗೆ ಹೋಗುತ್ತದೆ. ಮಂಚ, ಬೀರು, ಪಾತ್ರೆ ಎಲ್ಲದಕ್ಕೂ ಒಂದು ದಾರಿ ಆಯಿತು. ಆಗದೆ ಉಳಿದದ್ದು ಕಾರು ಒಂದೇ.

ನಮ್ಮ ತಂದೆಯವರು ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಎರಡು ಲೇತ್ ಇಟ್ಟುಕೊಂಡು ವರ್ಕ್‌ಶಾಪ್ ನಡೆಸುತ್ತಿದ್ದರು. ಬುಕ್ ಮಾಡಿ, ವರ್ಷಗಟ್ಟಲೆ ಕಾದು, 1977ರ ಆಗಸ್ಟ್‌ನಲ್ಲಿ ಪ್ರೀಮಿಯರ್ ಪದ್ಮಿನಿ ತಂದರು. ನಾನಾಗ ಹನ್ನೆರಡರ ಹುಡುಗ. ನಮ್ಮ ಮನೆಯಲ್ಲಿ ಅದಕ್ಕೆ ಫಿಯೆಟ್ ಎಂದೇ ಹೆಸರು. ತಂಗಿ ಮದುವೆಯ ದಿನ ಛತ್ರಕ್ಕೆ ಹೋದದ್ದು, ಅಮ್ಮನನ್ನು ಕೊನೆಯ ಸಲ ಆಸ್ಪತ್ರೆಗೆ ಸೇರಿಸಿದ್ದು, ನನ್ನ ಮಗಳು ಹುಟ್ಟಿದಾಗ ಅವಳನ್ನು ಮನೆಗೆ ಕರೆತಂದದ್ದು, ಎಲ್ಲ ಅದರಲ್ಲೇ. ತಂದೆಯವರು 2011ರಲ್ಲಿ ತೀರಿಕೊಂಡರು. ಆಮೇಲೆ ನಾನೇ ಓಡಿಸುತ್ತಿದ್ದೆ. ಕೊರೊನಾ ಬಂದ ಮೇಲೆ ಕಡಿಮೆಯಾಯಿತು. ಈಗ ಆಯುಧಪೂಜೆಗೆ ತೊಳೆದು, ನಿಂಬೆಹಣ್ಣು ಹತ್ತಿಸಿ, ಹೇರೋಹಳ್ಳಿ ಕೆರೆಯವರೆಗೆ ಒಂದು ಸುತ್ತು ಹಾಕಿ ನಿಲ್ಲಿಸುತ್ತೇನೆ, ಅಷ್ಟೇ.

ಕೆಂಗೇರಿಯಲ್ಲಿರುವ ತಮ್ಮ, ಗುಜರಿಯವನಿಗೆ ಕೊಟ್ಟು ಕೈತೊಳೆದುಕೋ ಎನ್ನುತ್ತಾನೆ. ಮಗಳು, ಅಪ್ಪಾ ಲಾರಿಯ ಮೇಲೆ ಹಾಕಿಸಿ ತಂದುಬಿಡಿ ಎನ್ನುತ್ತಾಳೆ. ಅವಳ ಅಪಾರ್ಟ್‌ಮೆಂಟಿನಲ್ಲಿ ಇರುವುದು ಒಂದೇ ಪಾರ್ಕಿಂಗ್, ಅದರಲ್ಲಿ ಅವಳ ಕಾರಿದೆ. ನಮ್ಮದನ್ನು ಗೇಟಿನ ಹೊರಗೆ ಬಯಲಲ್ಲಿ ನಿಲ್ಲಿಸಬೇಕು. ವಿಜಯನಗರದಲ್ಲಿರುವ ತಂಗಿಯ ಮಗ ಮಾತ್ರ ಭಾನುವಾರ ಬಿಡುವಾದಾಗ ಬಂದು ಬಾನೆಟ್ ಎತ್ತಿ ಏನಾದರೂ ರಿಪೇರಿ ಮಾಡುತ್ತಿರುತ್ತಾನೆ. ಮಾರಿದರೆ ಅಪ್ಪನನ್ನೇ ಮಾರಿದ ಹಾಗೆ ಅನ್ನಿಸಿ ರಾತ್ರಿ ನಿದ್ದೆ ಬರುವುದಿಲ್ಲ. ಏನು ಮಾಡಲಿ? ಆರ್‌ಸಿ 2022ರಲ್ಲಿ ಬ್ರೋಕರ್ ಕಡೆಯಿಂದ ರಿನ್ಯೂ ಆಗಿದೆ, ಇನ್ನೂ ತಂದೆಯವರ ಹೆಸರಲ್ಲೇ ಇದೆ.

(ಹೆಸರು ಬೇಡ, ಹೇರೋಹಳ್ಳಿ)

ಉತ್ತರ: ಪತ್ರದ ಕಟ್ಟಕಡೆಯ ವಾಕ್ಯದಿಂದಲೇ ಶುರು ಮಾಡುತ್ತೇನೆ. ಅದನ್ನು ನೀವು ಹೇಳಿದರೂ ಆಯಿತು ಬಿಟ್ಟರೂ ಆಯಿತು ಎಂಬಂತೆ ಬರೆದಿದ್ದೀರಿ. ನಿಮ್ಮ ಗಂಟಿನ ತುದಿ ಸಿಗುವುದು ಅಲ್ಲೇ.

ತಂದೆಯವರು ಹೋಗಿ ಇಷ್ಟು ವರ್ಷವಾದರೂ ಕಾರು ಅವರ ಹೆಸರಿನಲ್ಲಿದೆ ಎಂದರೆ, ಕಾನೂನಿನ ಕಣ್ಣಿಗೆ ನೀವು ಅದನ್ನು ಮಾರಲೂ ಆರಿರಿ, ಬೇರೆ ರಾಜ್ಯಕ್ಕೆ ಒಯ್ಯಲೂ ಆರಿರಿ. ಮಾರುವ ಫಾರಂಗೆ ಸಹಿ ಹಾಕಬೇಕಾದವರು ಇಲ್ಲ. ಎನ್‌ಓಸಿ ಕೇಳಬೇಕಾದವರೂ ಅವರೇ. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಓಗೆ ತಿಳಿಸಿ, 3 ತಿಂಗಳೊಳಗೆ ಫಾರಂ 31 ಕೊಟ್ಟು ಹೆಸರು ಬದಲಿಸಿಕೊಳ್ಳಬೇಕೆಂದು ನಿಯಮ. ಆ ಗಡುವು ಎಂದೋ ಮುಗಿಯಿತು, ಆದರೆ ಬಾಗಿಲು ಮುಚ್ಚಿಲ್ಲ. ತಡಕ್ಕೆ ದಂಡ ಬೀಳಬಹುದು, ಎರಡು ಸಲ ಹೆಚ್ಚಿಗೆ ಅಲೆಯಬೇಕಾಗಬಹುದು. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ ಜೋಡಿಸಿಕೊಂಡು ಕಾರು ದಾಖಲಾಗಿರುವ ಆರ್‌ಟಿಓಗೆ ನೀವೇ ಹೋಗಿ. ಕೆಎ ಸರಣಿ ಬರುವ ಮುಂಚಿನ ನಂಬರಾದ್ದರಿಂದ, ಹಳೆಯ ಪುಸ್ತಕದಲ್ಲಿರುವ ಎಂಜಿನ್ ನಂಬರು, ಚಾಸಿ ನಂಬರು ಅವರ ಕಂಪ್ಯೂಟರಿನಲ್ಲಿ ಒಂದಕ್ಷರ ತಪ್ಪದೆ ಏರಿದೆಯೇ ಎಂದು ಎದುರಿಗೇ ಕೂತು ನೋಡಿ. ತಂದೆಯವರು ಸಾಲ ಮಾಡಿ ಕೊಂಡಿದ್ದರೆ ಆ ಕಾಲದ ಬ್ಯಾಂಕಿನ ಹೆಸರು ಇನ್ನೂ ಪುಸ್ತಕದಲ್ಲಿ ಕೂತಿರಬಹುದು. ಅದನ್ನೂ ತೆಗೆಸಬೇಕು. ತೀರಿಹೋದವರ ಹೆಸರಿನಲ್ಲಿ ಬ್ರೋಕರ್ ರಿನ್ಯೂ ಮಾಡಿಸಿದ್ದು ತಪ್ಪು. ಅಂಥ ಕಾರಿಗೆ ಏನಾದರೂ ಆದರೆ ವಿಮೆಯವರು ಮೊದಲು ಎತ್ತುವ ಆಕ್ಷೇಪವೇ ಇದು.

ವಾರಸುದಾರರು ಎಂದೆ. ಕಾರು ನಿಮ್ಮ ತಂದೆಯವರ ಸ್ವಂತ ಸಂಪಾದನೆ, ಅಮ್ಮ ಈಗ ಇಲ್ಲ. ಹಾಗಾದರೆ ಅದರಲ್ಲಿ ನಿಮಗೆಷ್ಟೋ ತಮ್ಮನಿಗೆ ಅಷ್ಟೇ, ತಂಗಿಗೂ ಅಷ್ಟೇ. ನಿಮ್ಮ ಪತ್ರದಲ್ಲಿ ತಮ್ಮ ಏನಂದ, ಮಗಳು ಏನಂದಳು ಎಂಬುದೆಲ್ಲ ಇದೆ. ತಂಗಿ ಏನಂದಳು ಎಂಬುದು ಮಾತ್ರ ಇಲ್ಲ. ಆಕೆ ಮದುವೆಯ ದಿನ ಹೊರಟದ್ದು ಅದೇ ಕಾರಿನ ಹಿಂದಿನ ಸೀಟಿನಲ್ಲಿ. ಈಗ ಆ ಕಾರನ್ನು ಅಷ್ಟಿಷ್ಟು ಎಬ್ಬಿಸಿಡುತ್ತಿರುವವನು ಆಕೆಯ ಮಗ. ನೀವು ಇದುವರೆಗೆ ಕೇಳದೆ ಇರುವ ಮಾತು ಆಕೆಯದು. ಇದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಹಿರಿಯ ಮಗ ಎಂದ ಮೇಲೆ ಎಲ್ಲವನ್ನೂ ತಾನೊಬ್ಬನೇ ಹೊರಬೇಕೆಂದು ನಮ್ಮ ಮನೆಗಳಲ್ಲಿ ಕಲಿಸಿಬಿಡುತ್ತಾರೆ, ನೀವು ಹಾಗೇ ಹೊತ್ತಿದ್ದೀರಿ.

ಈಗ ನಿಮ್ಮ ನಿದ್ದೆಯ ಮಾತು. ಅಪ್ಪನನ್ನೇ ಮಾರಿದ ಹಾಗೆ ಎಂದಿರಿ. ಇದು ಅತಿಯಾಯಿತು ಎಂದು ನಾನು ಹೇಳುವುದಿಲ್ಲ. 1977ರಲ್ಲಿ ಕಾರು ಕೊಳ್ಳುವುದು ಎಂದರೆ ಏನಿತ್ತು ಎಂಬುದು ಈಗಿನ ಮಕ್ಕಳಿಗೆ ಎಷ್ಟು ಹೇಳಿದರೂ ತಿಳಿಯುವುದು ಕಷ್ಟ. ಆಯ್ಕೆ ಎಂದರೆ ಅಂಬಾಸಿಡರ್, ಫಿಯೆಟ್, ಇಲ್ಲವೇ ಮದ್ರಾಸಿನ ಸ್ಟ್ಯಾಂಡರ್ಡ್. ದುಡ್ಡಿದ್ದರೂ ಅಂಗಡಿಗೆ ಹೋಗಿ ತರುವಂತಿರಲಿಲ್ಲ. ಮುಂಗಡ ಕಟ್ಟಿ, ರಸೀದಿಯನ್ನು ಬೀರುವಿನಲ್ಲಿ ಭದ್ರವಾಗಿಟ್ಟು, ಸರದಿ ಬರುವವರೆಗೆ ಕಾಯಬೇಕು. ಎರಡು ಲೇತ್‌ಗಳ ದುಡಿಮೆಯಲ್ಲಿ ಮನೆ ನಡೆಸಿ, ಮೂರು ಮಕ್ಕಳನ್ನು ಓದಿಸಿ, ಆ ರಸೀದಿಯನ್ನು ಕಾಪಾಡಿಕೊಂಡ ಮನುಷ್ಯನ ಛಲ ಆ ಕಾರಿನಲ್ಲಿದೆ. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಇಟಲಿಯ ಫಿಯೆಟ್ 1100ರ ಮಾದರಿಯಲ್ಲಿ ಕಟ್ಟುತ್ತಿದ್ದ ಗಾಡಿ, 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಪದ್ಮಿನಿ ಎಂದು ಹೆಸರಿಟ್ಟದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಆದರೆ ಕರ್ನಾಟಕದಲ್ಲಿ ಯಾರೂ ಆ ಹೆಸರು ಹಿಡಿಯಲಿಲ್ಲ, ನಿಮ್ಮ ಮನೆಯ ಹಾಗೆ ಎಲ್ಲರಿಗೂ ಅದು ಫಿಯೆಟ್ಟೇ. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಅದರ ಕಾಲ ಇಳಿಯಿತು. 2000ದ ಹೊತ್ತಿಗೆ ಕಾರ್ಖಾನೆಯಲ್ಲೂ ನಿಂತಿತು. 2023ರ ಅಕ್ಟೋಬರ್ ಕೊನೆಗೆ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಇಳಿದಾಗ ಪತ್ರಿಕೆಗಳು ಬೀಳ್ಕೊಡುಗೆ ಬರೆದವು.

ಇಷ್ಟೆಲ್ಲ ಇರುವುದರಿಂದಲೇ ಒಂದು ಮಾತು ಕೇಳುತ್ತೇನೆ. ನಿಮ್ಮ ತಂದೆ ಆ ಕಾರನ್ನು ತಂದದ್ದು ಓಡಿಸಲು. ವಾರಕ್ಕೊಮ್ಮೆಯಾದರೂ ಚೋಕ್ ಎಳೆದು, ಸೆಲ್ಫ್ ಹೊಡೆದು, ಮಾಗಡಿ ರಸ್ತೆಗೆ ಇಳಿಸಿದವರು ಅವರು. ಪುಣೆಯ ಗೇಟಿನ ಹೊರಗೆ ಕವರ್ ಹೊದ್ದು ನಿಂತ ಕಾರನ್ನು ನೋಡಿ ಅವರು ಏನೆನ್ನುತ್ತಿದ್ದರು? ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮ ದೊಡ್ಡಪ್ಪ ಬಸವೇಶ್ವರನಗರದಲ್ಲಿದ್ದರು. ಅವರದು ಅಂಬಾಸಿಡರ್. ಮಗನ ಜೊತೆ ಇರಲು ಹೈದರಾಬಾದಿಗೆ ಹೊರಟಾಗ ಕಾರನ್ನು ಬಿಟ್ಟುಹೋಗಲು ಒಪ್ಪಲಿಲ್ಲ. ಲಾರಿಯಲ್ಲಿ ಹಾಕಿಸಿ ಒಯ್ದರು. ಅಲ್ಲಿ ಬೇಸ್‌ಮೆಂಟಿನ ಮೂಲೆಯಲ್ಲಿ ಜಾಗ. ಮೊದಲ ಆರು ತಿಂಗಳು ಬೆಳಗ್ಗೆ ಇಳಿದು ಹೋಗಿ ಒರೆಸುತ್ತಿದ್ದರು. ಊರಿನ ದಾರಿ ಗೊತ್ತಿಲ್ಲ, ಮೊಣಕಾಲು ನೋವು, ಮಗನಿಗೆ ಪುರಸೊತ್ತಿಲ್ಲ. ನಂಬರ್ ಬದಲಿಸುವ ಕೆಲಸ ನಾಳೆ ನಾಡಿದ್ದು ಎಂದು ಉಳಿದೇ ಹೋಯಿತು. ಎರಡನೇ ವರ್ಷ ಬ್ರೇಕ್ ಜಾಮ್ ಆಗಿ ಚಕ್ರ ತಿರುಗಲಿಲ್ಲ. ಇಲಿಗಳು ವೈರಿಂಗ್ ಕಡಿದವು. ಐದನೇ ವರ್ಷ ಅಪಾರ್ಟ್‌ಮೆಂಟಿನವರು ತೆಗೆಸಿ ಎಂದು ನೋಟಿಸು ಅಂಟಿಸಿದರು. ಕೊನೆಗೆ ತೂಕದ ಲೆಕ್ಕದಲ್ಲಿ ಹೋಯಿತು. ದೊಡ್ಡಪ್ಪ ಆ ದಿನ ಕೆಳಗಿಳಿಯಲಿಲ್ಲ, ಕಿಟಕಿಯಲ್ಲೂ ನೋಡಲಿಲ್ಲ. ಇಲ್ಲೇ ಬೆಂಗಳೂರಿನಲ್ಲಿ ಓಡಿಸುವವರ ಕೈಗೆ ಕೊಟ್ಟಿದ್ದರೆ ಒಂದು ದಿನದ ದುಃಖದಲ್ಲಿ ಮುಗಿಯುತ್ತಿತ್ತು. ಅವರು ಐದು ವರ್ಷ ದಿನಾ ಅದನ್ನು ಅನುಭವಿಸಿದರು. ನಿಮ್ಮ ಪತ್ರ ಓದುವಾಗ ನನ್ನ ಕಣ್ಣ ಮುಂದೆ ಇದ್ದವರು ಅವರೇ.

ಆದರೂ ಪುಣೆಯ ಪಕ್ಷವನ್ನು ನ್ಯಾಯವಾಗಿ ನೋಡೋಣ. ಮಗಳು ಕರೆಯುತ್ತಿರುವುದು ಪ್ರೀತಿಯಿಂದ, ಅಪ್ಪ ಹೊಸ ಊರಿನಲ್ಲಿ ಒಂಟಿಯಾಗಬಾರದೆಂದು. ಪದ್ಮಿನಿಯ ಮಟ್ಟಿಗೆ ಅದು ಪರದೇಶವೂ ಅಲ್ಲ. ಕುರ್ಲಾ ಅಲ್ಲಿಂದ ಅರ್ಧ ದಿನದ ದಾರಿಯೂ ಇಲ್ಲ. ಟ್ಯಾಕ್ಸಿಗಳ ಕಾಲದಲ್ಲಿ ಈ ಎಂಜಿನ್ನನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸುತ್ತಿದ್ದ ಕೈಗಳು ಆ ಕಡೆ ಇನ್ನೂ ಇವೆ. ಅದು ನಿಮಗೆ ಅನುಕೂಲವೇ.

ಅದರಾಚೆಗಿನದೆಲ್ಲ ನಿಮ್ಮ ವಿರುದ್ಧ ನಿಲ್ಲುತ್ತದೆ. ಒಂದು ರಾಜ್ಯದ ಕಾರು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿನ ನಂಬರು ಪಡೆಯಲೇಬೇಕು. ಇಲ್ಲಿಂದ ಫಾರಂ 28ರಲ್ಲಿ ಎನ್‌ಓಸಿ, ಅಲ್ಲಿ ಫಾರಂ 27, ಅಲ್ಲಿನ ತೆರಿಗೆ, ತಪಾಸಣೆ. ಎಲ್ಲ ಮುಗಿದ ಮೇಲೆ ನಿಮ್ಮ ತಂದೆಯವರು ಪೇಂಟರ್ ಕೈಲಿ ಬರೆಸಿದ ಆ ಹಳೆಯ ನಂಬರು ಹೋಗಿ ಎಂಎಚ್ ಬರುತ್ತದೆ. ಹಳೆಯ ಕಾರು ಕೊಳ್ಳುವವರು ಮೊದಲು ನೋಡುವುದು ಆ ನಂಬರು, ಮೂಲ ಎಂಜಿನ್ನು. ಮನೆಯವರ ಬಾಯಲ್ಲಿ ಉಳಿದಿರುವುದೂ ಅದೇ ನಂಬರು. ನೆನಪಿಗಾಗಿ ಒಯ್ಯುವ ಕಾರಿನಿಂದ ನೆನಪಿನ ಗುರುತನ್ನೇ ತೆಗೆದುಹಾಕಬೇಕಾಗುತ್ತದೆ. ಇದನ್ನು ಮಗಳಿಗೆ ಹೇಳಿ, ಆಕೆಗೆ ಗೊತ್ತಿರಲಾರದು.

ಇನ್ನು ಬಯಲಲ್ಲಿ ನಿಲ್ಲಿಸುವುದು. ಪುಣೆಯ ಮಳೆಗಾಲ ಹೇರೋಹಳ್ಳಿಯ ಮಳೆಯಂತಲ್ಲ, ಜೂನಿಗೆ ಹಿಡಿದರೆ ಸೆಪ್ಟೆಂಬರಿಗೆ ಬಿಡುತ್ತದೆ. ಹಳೆಯ ಫಿಯೆಟ್ಟಿನ ತಗಡು ಮೊದಲು ಕೊಳೆಯುವುದು ಕಾಲಿಡುವ ಜಾಗದಲ್ಲಿ, ಬಾಗಿಲ ಕೆಳಗೆ, ಡಿಕ್ಕಿಯೊಳಗೆ. ಅದರ ಮೇಲೆ ಈಗಿನ ಪೆಟ್ರೋಲ್ ಬೇರೆ. ಬಂಕಿನಲ್ಲಿ ಈಗ ಸಿಗುವುದರಲ್ಲಿ ನೂರಕ್ಕೆ 20 ಪಾಲು ಎಥನಾಲ್. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮ್, ಕಾರ್ಬೊರೇಟರಿನ ವಾಷರುಗಳು ಅದಕ್ಕೆಂದು ಮಾಡಿದವಲ್ಲ, ಉಬ್ಬಿ ಬಿರಿಯುತ್ತವೆ. ವಾರವಾರ ಓಡುವ ಕಾರಿನಲ್ಲಿ ಪೆಟ್ರೋಲ್ ಸೋರಿದರೆ ವಾಸನೆಯಿಂದ ತಿಳಿಯುತ್ತದೆ. ನಿಂತ ಕಾರಿನಲ್ಲಿ ತಿಳಿಯುವುದು ಟ್ಯಾಂಕಿನ ತಳ ತುಕ್ಕು ಹಿಡಿದ ಮೇಲೆ. ನಿಮ್ಮ ಕಾರು ಆಯುಧಪೂಜೆಯಿಂದ ಆಯುಧಪೂಜೆಗೆ ನಿಂತಿರುವುದರಿಂದ, ಯಾರು ಇಟ್ಟುಕೊಂಡರೂ ಮೊದಲ ಕೆಲಸ ಇದೇ: ಟ್ಯಾಂಕ್ ಖಾಲಿ ಮಾಡಿ ತೊಳೆಸುವುದು, ಎಥನಾಲ್ ತಡೆಯುವ ಪೈಪು ಹಾಕಿಸುವುದು, ಬ್ರೇಕ್ ಸಿಲಿಂಡರ್‌ಗಳನ್ನು ಬಿಚ್ಚಿ ನೋಡುವುದು. ಲೇತ್ ಕೆಲಸದ ನಡುವೆ ಬೆಳೆದವರು ನೀವು, ಸುಂಕದಕಟ್ಟೆ, ಕಾಮಾಕ್ಷಿಪಾಳ್ಯದಲ್ಲಿ ಎಂಥ ಬುಷ್ ಬೇಕಾದರೂ ತಿರುವಿಕೊಡುವವರಿದ್ದಾರೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಉಳಿದ ಸಾಮಾನಿಗೆ ಜೆ.ಸಿ. ರಸ್ತೆ ಇದ್ದೇ ಇದೆ.

ಇಷ್ಟಾದರೂ ಒಯ್ಯಲೇಬೇಕೆಂದು ನಿಮ್ಮ ಮನಸ್ಸು ನಿಂತರೆ, ಓಡಿಸಿಕೊಂಡು ಹೋಗುವ ಯೋಚನೆ ಬಿಡಿ. ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ ಹಾದು ಪುಣೆಗೆ 800 ಕಿಲೋಮೀಟರಿಗೂ ಹೆಚ್ಚು. ಸಾತಾರಾ ದಾಟಿದ ಮೇಲೆ ಖಂಬಟ್ಕಿ ಘಾಟಿಯ ಏರು. ವರ್ಷಕ್ಕೊಮ್ಮೆ ಕೆರೆಯವರೆಗೆ ಹೋಗಿಬಂದ ಎಂಜಿನ್ನನ್ನು ಅಲ್ಲಿಗೆ ಹತ್ತಿಸುವುದು ನಿಮಗೂ ಅಪಾಯ, ಹಿಂದೆ ಬರುವವರಿಗೂ ಅಪಾಯ. ಮುಚ್ಚಿದ ಕಾರ್ ಕ್ಯಾರಿಯರ್ ಹಿಡಿಯಿರಿ. ಪಟ್ಟಿಗಳನ್ನು ಚಕ್ರಕ್ಕೆ ಕಟ್ಟಬೇಕು, ಬಂಪರಿಗೋ ಆಕ್ಸಲ್‌ಗೋ ಅಲ್ಲ, ಇದನ್ನು ಎದುರು ನಿಂತು ನೋಡಿ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಪೆಟ್ರೋಲ್ ಬೇಡ. ಬ್ಯಾಟರಿ ವೈರು ಬಿಚ್ಚಿಸಿ. ಸುತ್ತಲೂ ಫೋಟೊ ತೆಗೆದು, ಕಿಲೋಮೀಟರ್ ಬರೆದು, ಡ್ರೈವರ್ ಕೈಲಿ ಸಹಿ ಹಾಕಿಸಿ. ಐದು ವರ್ಷ ದಾಟಿದ ಕಾರಿನ ವಿಮಾ ಮೌಲ್ಯ ನೀವೂ ಕಂಪನಿಯವರೂ ಮಾತಾಡಿಕೊಂಡು ಒಪ್ಪಿದಷ್ಟು. ಆ ಮಾತು ಲಾರಿ ಹತ್ತುವ ಮುಂಚೆ ಕಾಗದದ ಮೇಲೆ ಇರಬೇಕು. ಪೂರ್ತಿ ಬಾಡಿಗೆಯನ್ನು ಮುಂಗಡವಾಗಿ ಯಾರಿಗೂ ಕೊಡಬೇಡಿ.

ಒಯ್ಯಬೇಡಿ ಎಂದೇ ನನ್ನ ಸಲಹೆ.

ತಮ್ಮ ಹೇಳುವ ಗುಜರಿ ದಾರಿಯೂ ಬೇಡ. ಆತನಿಗೆ ಅಪ್ಪನ ಮೇಲೆ ಪ್ರೀತಿಯಿಲ್ಲ ಎಂದು ನೀವು ನೊಂದಿರಬಹುದು. ಹಾಗಿರಲಾರದು. ಕೆಲವರಿಗೆ ಕಣ್ಣೆದುರು ಕೊಳೆಯುವುದನ್ನು ನೋಡುವ ಶಕ್ತಿಯಿಲ್ಲ, ಬೇಗ ಮುಗಿಸಿಬಿಡೋಣ ಎನ್ನುತ್ತಾರೆ. ಆದರೆ ಗುಜರಿಯವನು ಆರ್‌ಸಿ ರದ್ದು ಮಾಡಿಸುವುದಿಲ್ಲ. ದುಡ್ಡು ಕೊಟ್ಟು ಎಳೆದುಕೊಂಡು ಹೋಗುತ್ತಾನೆ. ಚಾಸಿ ನಂಬರಿನ ತಗಡು ಆಮೇಲೆ ಯಾವ ಗಾಡಿಯ ಮೇಲೆ ಕೂರುತ್ತದೋ ಹೇಳುವವರಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಕೈ ಬದಲಾಗಿದೆ ಎಂಬ ಮಾತು ಅಪಘಾತದ ಪರಿಹಾರದ ಹೊಣೆಯಿಂದ ಪಾರುಮಾಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಿಮ್ಮ ವಿಷಯದಲ್ಲಿ ಆ ಹೊಣೆ ಬೀಳುವುದು ತೀರಿಹೋದ ತಂದೆಯ ಹೆಸರಿನ ಮೇಲೆ, ಅವರ ಮೂಲಕ ನಿಮ್ಮ ಮೂವರ ಮೇಲೆ. ನಿಜವಾಗಿ ಒಡೆಸಬೇಕಾದ ಕಾರಾದರೆ ಸರ್ಕಾರದಲ್ಲಿ ನೋಂದಾಯಿಸಿದ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ಪಡೆಯಬೇಕು. ನಿಮ್ಮದು ಒಡೆಸಬೇಕಾದ ಕಾರಲ್ಲ.

ಇನ್ನೊಂದು ವಿಷಯ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ: ಸ್ವಲ್ಪ ಕಾಯಿರಿ, 50 ವರ್ಷವಾದರೆ ವಿಂಟೇಜ್ ಆಗುತ್ತದೆ, ಬೆಲೆ ಏರುತ್ತದೆ ಎಂದು. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮಾಡಿದ ನಿಯಮ ಅದು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಇರುವ ಗಾಡಿಯನ್ನು ವಿಂಟೇಜ್ ಎಂದು ದಾಖಲಿಸಬಹುದು. ಹೊಸದಾಗಿ ದಾಖಲಿಸಿದರೆ ನಂಬರಿನ ನಡುವೆ ವಿಎ ಎಂಬ ಅಕ್ಷರ ಬರುತ್ತದೆ, ಮೊದಲೇ ನೋಂದಣಿಯಾದ ಗಾಡಿಯವರು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಹೊಸ ನೋಂದಣಿಗೆ ಶುಲ್ಕ ₹20,000, ಮರುನೋಂದಣಿಗೆ ₹5,000, ಅವಧಿ 10 ವರ್ಷ. ಆದರೆ ಹಾಗೆ ದಾಖಲಾದ ಕಾರನ್ನು ದಿನನಿತ್ಯಕ್ಕೆ ರಸ್ತೆಗಿಳಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಅಷ್ಟಕ್ಕೆ ಮಾತ್ರ. ಭಾನುವಾರ ಮನೆಮಂದಿಯನ್ನು ಕೂರಿಸಿಕೊಂಡು ಸಾವನದುರ್ಗಕ್ಕೆ ಹೋಗಿಬರಲು ಆ ನೋಂದಣಿ ಅಡ್ಡಿ. ಸಂಗ್ರಹಕಾರರಿಗೆ ಒಪ್ಪುವ ಏರ್ಪಾಡು ಅದು, ಮನೆಯ ಕಾರಿಗಲ್ಲ. ನಿಮ್ಮ ಕಾರಿಗೆ 50 ತುಂಬುವುದು 2027ರ ಆಗಸ್ಟ್‌ನಲ್ಲಿ, 2022ರಲ್ಲಿ ರಿನ್ಯೂ ಆದ ಆರ್‌ಸಿ ಮುಗಿಯುವುದೂ ಅದೇ ಆಗಸ್ಟ್‌ನಲ್ಲಿ. 2025ರಲ್ಲಿ ಬಂದ ಬದಲಾವಣೆಯಂತೆ 20 ವರ್ಷ ದಾಟಿದ ಕಾರಿನ ರಿನ್ಯೂವಲ್ ಶುಲ್ಕ ₹10,000. ಆ ಹೊತ್ತಿಗೆ ಕಾರು ಪಕ್ಕಾ ಸ್ಥಿತಿಯಲ್ಲಿ, ಬದುಕಿರುವ ಮಾಲೀಕರ ಹೆಸರಿನಲ್ಲಿ ಇರಬೇಕು. ಯಾವ ದಾಖಲಾತಿ ಬೇಕೆಂದು ಆ ಮಾಲೀಕರು ಆಗ ತೀರ್ಮಾನಿಸಲಿ.

ಹಾಗಾದರೆ ಯಾರು ಆ ಮಾಲೀಕರು?

ನಿಮ್ಮ ಪತ್ರದಲ್ಲೇ ಉತ್ತರ ಇತ್ತು. ಕರೆಯದೆ ಬಂದು ಬಾನೆಟ್ ಎತ್ತುವ ಸೋದರಳಿಯ. ಇಪ್ಪತ್ತು ಜನ ಕೊಳ್ಳುವವರು ಫೋನ್ ಮಾಡಿದರೂ ಅವರಲ್ಲಿ ಕೈಗೆ ಗ್ರೀಸ್ ಹತ್ತಿಸಿಕೊಳ್ಳುವವರು ಎಷ್ಟು ಮಂದಿ? ಹುಡುಗ ನಿಮ್ಮ ತಂದೆಯ ಮೊಮ್ಮಗ. ಕಾರು ಪಶ್ಚಿಮ ಬೆಂಗಳೂರಿನಲ್ಲೇ ಉಳಿಯುತ್ತದೆ, ನಂಬರು ಉಳಿಯುತ್ತದೆ, ಎನ್‌ಓಸಿ ಬೇಡ, ಲಾರಿ ಬೇಡ. ನೀವು ರಜೆಗೆ ಬಂದಾಗ ಸ್ಟೀರಿಂಗ್ ಹಿಡಿಯಬಹುದು.

ಆದರೆ ಕೇಳಿ, ಅವನಿಗೆ ಸುಮ್ಮನೆ ಕೊಡಬೇಡಿ. ಮಾರಿ. ಇದನ್ನು ಒತ್ತಿ ಹೇಳುತ್ತೇನೆ. ನೆಂಟರೊಳಗೆ ಪುಕ್ಕಟೆ ಕೊಟ್ಟ ವಸ್ತು ಹತ್ತು ವರ್ಷ ಮಾತಿಗೆ ಬರುತ್ತದೆ. ತಂಗಿಯ ಮನೆಗೆ ಹೋಯಿತು ಎಂದು ತಮ್ಮನಿಗೆ ಅನ್ನಿಸಬಹುದು. ಮುಂದೆಂದೋ ಕಾರು ಮಾರಬೇಕಾಗಿ ಬಂದರೆ ಹುಡುಗನಿಗೆ ನಿಮ್ಮ ಮುಖ ನೋಡಲು ಸಂಕೋಚ ಆಗಬಹುದು. ಹಳೆಯ ಫಿಯೆಟ್ ತಿಳಿದ ಮೆಕ್ಯಾನಿಕ್ ಒಬ್ಬರಿಂದ, ಸಾಧ್ಯವಾದರೆ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ಬಿನ ಬಳಗದ ಯಾರಿಂದಲಾದರೂ, ಇದ್ದ ಸ್ಥಿತಿಗೆ ಎಷ್ಟು ಬೆಲೆ ಎಂದು ಕೇಳಿ. ರಿಪೇರಿಗೆ ತಗಲುವುದನ್ನು ಕಳೆಯಿರಿ. ಉಳಿದದ್ದರಲ್ಲಿ ಮನೆಯವನೆಂದು ಇನ್ನಷ್ಟು ಇಳಿಸಿ, ಆದರೆ ಅವನು ಜೇಬಿನಿಂದ ತೆಗೆಯುವಾಗ ಯೋಚಿಸುವಷ್ಟು ಇರಲಿ. ಬಂದ ಹಣ ಮೂರು ಪಾಲು. ತಂಗಿ ತನ್ನ ಪಾಲನ್ನು ಮಗನಿಗೇ ಬಿಟ್ಟರೆ ಅದು ಆಕೆಯ ಇಷ್ಟ.

ಅದಕ್ಕೂ ಮುಂಚೆ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಕೇಳಿ: ಕಾರನ್ನು ಎಲ್ಲಿ ನಿಲ್ಲಿಸುತ್ತೀಯ? ವಿಜಯನಗರದಲ್ಲಿ ಮನೆ ಮುಂದೆ ಸ್ಕೂಟರಿಗೇ ಜಾಗವಿಲ್ಲ. ಚಾವಣಿ ಇರುವ ಜಾಗ ಬಾಡಿಗೆಗಾದರೂ ಹಿಡಿಯಬೇಕು. ವಿಮೆ ಯಾರು ಕಟ್ಟುತ್ತಾರೆ, ಮದುವೆಯಾದ ಮೇಲೆ ಭಾನುವಾರಗಳು ನಿನ್ನವೇ ಆಗಿರುತ್ತವೆಯೇ ಎಂದೂ ಕೇಳಿ. ಅವನು ತಡವರಿಸಿದರೆ ಕೋಪಿಸಿಕೊಳ್ಳಬೇಡಿ, ಅದು ಅವನ ಪ್ರಾಮಾಣಿಕತೆ. ಆಗ ಹೊರಗಿನವರಿಗೆ ಮಾರಿ, ಕ್ಲಬ್ಬಿನ ಬಳಗದ ಮೂಲಕ, ಓಡಿಸುವವರಿಗೆ. ಅವಸರದಲ್ಲಿ ಅಲ್ಲ, ಆದರೆ ನೀವು ಪುಣೆಯ ರೈಲು ಹತ್ತುವ ಮುಂಚೆ. ಬಾಡಿಗೆಯವರ ಪೋರ್ಟಿಕೊದಲ್ಲಿ ಬಿಟ್ಟುಹೋಗುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ಯಾರಿಗೆ ಕೊಟ್ಟರೂ ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿ ಕೈಗೆ ಕೊಡಬೇಡಿ. ಮಾರಿದ 14 ದಿನದೊಳಗೆ ಆರ್‌ಟಿಓಗೆ ನೀವೇ ತಿಳಿಸಿ. ಕೀ ಕೊಟ್ಟ ದಿನಾಂಕ, ಗಂಟೆ ಬರೆದ ಒಂದು ಕಾಗದಕ್ಕೆ ಇಬ್ಬರ ಸಹಿ ಇರಲಿ. ಹೊಸ ಹೆಸರಿನ ಆರ್‌ಸಿಯನ್ನು ಕಣ್ಣಾರೆ ನೋಡುವವರೆಗೆ ವ್ಯವಹಾರ ಮುಗಿಯಿತು ಎಂದುಕೊಳ್ಳಬೇಡಿ, ಹುಡುಗ ಸ್ವಂತ ಸೋದರಳಿಯನಾದರೂ.

ತಂದೆಯವರು ಇಟ್ಟ ಕಾಗದಗಳಿದ್ದರೆ, ಬುಕಿಂಗ್ ರಸೀದಿ, ಡೆಲಿವರಿ ಬಿಲ್ಲು, ಗಾಡಿಯ ಜೊತೆ ಬಂದ ಪುಸ್ತಕ, ಟೂಲ್‌ಕಿಟ್, ಅವೆಲ್ಲ ಕಾರಿನ ಜೊತೆಗೇ ಹೋಗಬೇಕು. ಒಂದೊಂದರ ನಕಲು ನೀವು ಇಟ್ಟುಕೊಳ್ಳಿ. ನೆನಪಿಗೆಂದು ಸ್ಟೀರಿಂಗಿನ ಹಾರ್ನ್ ಬಟನ್ನೋ ಬಾನೆಟ್ಟಿನ ಹೆಸರಿನ ತಗಡೋ ಬಿಚ್ಚಿಕೊಳ್ಳಬೇಡಿ, ಅಂಥ ಸಾಮಾನು ಮತ್ತೆ ಸಿಗುವುದು ಕಷ್ಟ. ಪುಣೆಗೆ ಒಯ್ಯಬೇಕಾದದ್ದು ಬೇರೆಯೇ ಇದೆ. ಮೂವರೂ ಒಡಹುಟ್ಟಿದವರು ಒಂದು ಭಾನುವಾರ ಆ ಕಾರಿನಲ್ಲಿ ಕೂತು, ಅಪ್ಪ ಎಲ್ಲೆಲ್ಲಿ ಕರೆದುಕೊಂಡು ಹೋಗಿದ್ದರು ಎಂದು ಮಾತಾಡಿ, ಹುಡುಗನ ಕೈಲಿ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಸಿ. ನಿಮ್ಮ ಮೊಮ್ಮಗುವಿಗೆ ಮುತ್ತಜ್ಜನ ಪರಿಚಯ ಆಗುವುದು ಅದರಿಂದ.

ಇದೇ ಪ್ರಶ್ನೆ ಇರುವ ಬೇರೆ ಓದುಗರಿಗೂ ಎರಡು ಮಾತು. ಕರ್ನಾಟಕದೊಳಗೇ ಮೈಸೂರಿಗೋ ಧಾರವಾಡಕ್ಕೋ ಹೋಗುವವರಾದರೆ, ಅಲ್ಲಿ ಚಾವಣಿಯಿದ್ದರೆ, ಧಾರಾಳವಾಗಿ ಒಯ್ಯಿರಿ. ನಂಬರು ಬದಲಾಗುವುದಿಲ್ಲ, 30 ದಿನದೊಳಗೆ ವಿಳಾಸ ಬದಲಿಸಿದರೆ ಸಾಕು. ಮಂಗಳೂರು, ಉಡುಪಿ, ಕಾರವಾರದ ಕಡೆಗಾದರೆ ಉಪ್ಪುಗಾಳಿ ಹಳೆಯ ತಗಡನ್ನು ತಿನ್ನುತ್ತದೆ, ಕೆಳಗಿನ ಭಾಗಕ್ಕೆ ತುಕ್ಕು ತಡೆಯುವ ಲೇಪ ಹಾಕಿಸದೆ ಒಯ್ಯಬೇಡಿ. ದೆಹಲಿಗೆ ಹೊರಟವರು ಕೈಬಿಡುವುದೇ ಒಳ್ಳೆಯದು. 15 ವರ್ಷ ದಾಟಿದ ಪೆಟ್ರೋಲ್ ಕಾರು ಅಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2014ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜಾರಿ ಮಾಡಲು ಸೂಚಿಸಿತು. ಆಮೇಲೂ ಆ ವಿಷಯ ಕೋರ್ಟಿನಲ್ಲಿ ಓಡಾಡುತ್ತಲೇ ಇದೆ. ಅಮೆರಿಕದಲ್ಲಿ 25 ವರ್ಷ ದಾಟಿದ ಕಾರಿಗೆ ಅಲ್ಲಿನ ಸುರಕ್ಷತಾ ಮಾನದಂಡದ ಅಡ್ಡಿ ಇಲ್ಲ. ಆದರೂ ಹಡಗಿನ ಖರ್ಚು, ಬಿಡಿಭಾಗಗಳ ಕೊರತೆ ಲೆಕ್ಕ ಹಾಕಿದರೆ ಒಂದು ಪದ್ಮಿನಿಗಾಗಿ ಅಷ್ಟು ದೂರ ಹೋಗಿ ಎಂದು ನಾನು ಯಾರಿಗೂ ಹೇಳಲಾರೆ.

ಹೇರೋಹಳ್ಳಿಯ ಗೆಳೆಯರೇ, ಮಾಗಡಿ ರಸ್ತೆಯ ಮೇಲೆ ಹೊಸಹಳ್ಳಿಯಿಂದ ಕಡಬಗೆರೆಗೆ ಮೆಟ್ರೋ ಮಾರ್ಗ ಮಂಜೂರಾಗಿದೆ, ಹೇರೋಹಳ್ಳಿಯಲ್ಲೂ ನಿಲ್ದಾಣ ಬರುತ್ತದೆ. ಕೆಲಸ ಜೋರಾಗಿ ಹಿಡಿದರೆ ಆ ರಸ್ತೆಯಲ್ಲಿ ಹಳೆಯ ಫಿಯೆಟ್ ತೆಗೆದುಕೊಂಡು ಹೋಗುವುದು ವರ್ಷಗಟ್ಟಲೆ ಕಷ್ಟವಾಗುತ್ತದೆ. ಈಗಲೇ ಟ್ಯಾಂಕ್ ತೊಳೆಸಿ, ಬ್ರೇಕ್ ನೋಡಿಸಿ, ನಿಮ್ಮ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಳಗಿನ ಆರು ಗಂಟೆಗೆ ಮಾಗಡಿಯವರೆಗೆ ಒಮ್ಮೆ ಹೋಗಿಬನ್ನಿ. ಫಾರಂ 31ರ ಕೆಲಸ ಈ ವಾರವೇ ಶುರುವಾಗಲಿ. ಅದಕ್ಕೂ ಮುಂಚೆ, ಇವತ್ತೇ, ತಂಗಿಗೆ ಫೋನ್ ಮಾಡಿ ಕಾರನ್ನು ಏನು ಮಾಡೋಣ ಎಂದು ಆಕೆಯನ್ನು ಕೇಳಿ.